ಆಯಿಲ್ ಪ್ಲಗ್ ಮುಚ್ಚುವವರು

೨೦೨೪ನೇ ಇಸವಿ ಜೂನ್ ಹನ್ನೆರಡು, ಬುಧವಾರ, ಬೆಳಿಗ್ಗೆ ಒಂಬತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ನಾನು ಬಿಂದುಮಾಧವ ಅವರ ಅಂಬಾಸಡರ್ ಕಾರಿನ ಡಿಫರೆನ್ಷಿಯಲ್‌ನಿಂದ ಆಯಿಲ್ ಇಳಿಸಿದೆ. ಡಿಫರೆನ್ಷಿಯಲ್ ಎಂದರೆ ಹಿಂದಿನ ಎರಡು ಚಕ್ರಗಳ ನಡುವೆ ಇರುವ, ಕುಂಬಳಕಾಯಿ ಗಾತ್ರದ ಪೆಟ್ಟಿಗೆ. ಎಂಜಿನ್ನಿನಿಂದ ಬರುವ ತಿರುಗುಬಲವನ್ನು ಎರಡೂ ಚಕ್ರಗಳಿಗೆ ಹಂಚುವುದು ಅದರ ಕೆಲಸ. ನಲವತ್ತೊಂದು ದಿನಗಳ ಹಿಂದೆ ಅದನ್ನು ಪೂರ್ತಿ ಬಿಚ್ಚಿ, ಹೊಸ ಬೇರಿಂಗ್ ಕೂರಿಸಿ, ಜೇನಿನ ಬಣ್ಣದ ಆಯಿಲ್ ತುಂಬಿದವನು ನಾನೇ. ಈಗ ತಟ್ಟೆಗೆ ಬಿದ್ದದ್ದು ರಾಗಿ ಗಂಜಿಯ ಬಣ್ಣದ್ದಾಗಿತ್ತು. ಬೆರಳಿಗೆ ಹಚ್ಚಿಕೊಂಡು ಉಜ್ಜಿದೆ. ತರಿತರಿ ಸಿಕ್ಕಿತು.

ಬಿಂದುಮಾಧವ ಅವರು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು ನನ್ನನ್ನೇ ನೋಡುತ್ತಿದ್ದರು. ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡಿ ನಿವೃತ್ತರಾದವರು, ಕೃಷ್ಣಮೂರ್ತಿಪುರಂನಲ್ಲಿ ಮನೆ. ಕಾರನ್ನು ಬೇರೆ ಯಾರ ಕೈಗೂ ಕೊಡುವವರಲ್ಲ, ರಿಪೇರಿಗೆ ತಂದರೆ ಎದುರಿಗೇ ಕೂರುವವರು.

"ಏನಪ್ಪಾ ಚಂದ್ರಮೌಳಿ, ನನ್ನ ಕಾರು ಸಂಗೀತ ಕಲಿತುಬಿಟ್ಟಿದೆ. ಐವತ್ತು ಕಿಲೋಮೀಟರಿಗೆ ಶ್ರುತಿ ಹಿಡಿಯುತ್ತೆ, ಅರವತ್ತಕ್ಕೆ ಆಲಾಪನೆ ಶುರು."

"ಆಕ್ಸಿಲರೇಟರ್ ಬಿಟ್ಟಾಗ ನಿಲ್ಲುತ್ತಾ ಸಾರ್?"

"ಎಲ್ಲಿ ನಿಲ್ಲುತ್ತೆ! ಒತ್ತಿದರೂ ಹಾಡುತ್ತೆ, ಬಿಟ್ಟರೂ ಹಾಡುತ್ತೆ. ನಮ್ಮನೆಯವಳು ಬಸ್ಸಿನಲ್ಲೇ ಬರ್ತೀನಿ ಅಂತಾಳೆ."

ಒತ್ತಿದಾಗ ಮಾತ್ರ ಕೂಗಿದರೆ ಗೇರಿನ ಹಲ್ಲುಗಳ ದೋಷ. ಒತ್ತಿದರೂ ಬಿಟ್ಟರೂ ಕೂಗಿದರೆ ಬೇರಿಂಗ್ ಹೋಗಿದೆ ಎಂದು ಅರ್ಥ. ಪೆಟ್ಟಿಗೆಯ ಒಳಭಾಗವನ್ನು ಹೊರತೆಗೆದು ಕೆಲಸದ ಬೆಂಚಿನ ಮೇಲಿಟ್ಟೆ. ಕ್ರೌನ್ ಎಂಬ ದೊಡ್ಡ ಹಲ್ಲುಚಕ್ರಕ್ಕೂ ಪಿನಿಯನ್ ಎಂಬ ಚಿಕ್ಕದಕ್ಕೂ ನಡುವೆ ಇರಬೇಕಾದ ಸಂದನ್ನು ನಾವು ಪ್ಲೇ ಅನ್ನುತ್ತೇವೆ. ಮೇ ಎರಡರಂದು ಅದನ್ನು ೦.೧೫ ಮಿಲಿಮೀಟರಿಗೆ ಕೂರಿಸಿ ಪುಸ್ತಕದಲ್ಲಿ ಬರೆದಿದ್ದೆ. ಈಗ ಡಯಲ್ ಗೇಜ್ ಹಿಡಿದರೆ ಮುಳ್ಳು ೦.೪೨ಕ್ಕೆ ಹೋಯಿತು. ಮೂರು ಸಲ ಹಿಡಿದೆ, ಮೂರು ಸಲವೂ ಅಷ್ಟೇ. ಬೇರಿಂಗಿನ ಉರುಳೆಗಳ ಮೇಲೆ ಸಿಡುಬಿನ ಕಲೆಗಳಂತೆ ಗುಳಿಗಳು.

ಇದು ಎರಡನೆಯದು. ಮೇ ತಿಂಗಳ ಕೊನೆಯಲ್ಲಿ, ಗೋಕುಲಂನಲ್ಲಿ ಊಟದ ಡಬ್ಬಿ ಹಂಚುವ ಪ್ರೇಮಲೀಲಾ ಅವರ ಓಮ್ನಿ ವಾಪಸ್ ಬಂದಿತ್ತು. ಅದರ ಗೇರ್‌ಬಾಕ್ಸನ್ನು ನಾನು ಮಾರ್ಚ್‌ನಲ್ಲಿ ಮಾಡಿಕೊಟ್ಟಿದ್ದೆ. ಮೂರನೇ ಗೇರು ಕರಕರ ಅನ್ನುತ್ತಿತ್ತು, ಬೇರಿಂಗ್ ಸವೆದಿತ್ತು. ಕಳಪೆ ಬೇರಿಂಗ್ ಇರಬೇಕು ಎಂದುಕೊಂಡು ಅಂಗಡಿಯನ್ನೇ ಬದಲಾಯಿಸಿದೆ. ಆದರೆ ಅಂಬಾಸಡರಿಗೆ ಅದಕ್ಕೂ ಮೊದಲೇ ಹಾಕಿದ್ದು ಬೇರೊಂದು ಅಂಗಡಿಯ ಬೇರಿಂಗ್, ಬೇರೆ ಆಯಿಲ್. ಗೇರ್‌ಬಾಕ್ಸೂ ಅಲ್ಲ, ಡಿಫರೆನ್ಷಿಯಲ್. ಎರಡಕ್ಕೂ ಸಮಾನವಾಗಿದ್ದದ್ದು ನನ್ನ ಕೈ ಒಂದೇ. ಎರಡು ವಾರದಿಂದ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಅದೇ ಮಾತು: ಮಾವ ರುದ್ರಸ್ವಾಮಿಗಳ ಕಾಲ ಮುಗಿಯಿತು, ಅಳಿಯನ ಕೈಗುಣ ಸರಿಯಿಲ್ಲ.

ತಟ್ಟೆಯ ತಳದಲ್ಲಿ ಉಳಿದ ಕೆಸರಿನಿಂದ ಒಂದು ಚಮಚ ತೆಗೆದು ಪೆಟ್ರೋಲಿನಲ್ಲಿ ತೊಳೆದು ಗಾಜಿನ ಚೂರಿನ ಮೇಲೆ ಒಣಗಿಸಿದೆ. ಕಬ್ಬಿಣದ ಪುಡಿಯಾದರೆ ಆಯಸ್ಕಾಂತಕ್ಕೆ ಅಂಟಬೇಕು. ಸ್ವಲ್ಪ ಅಂಟಿತು, ಉಳಿದ ಬೂದುಬಿಳಿ ಪುಡಿ ಅಲ್ಲಾಡಲಿಲ್ಲ. ಬೆರಳಲ್ಲಿ ಒತ್ತಿ ಎಳೆದರೆ ಗಾಜಿನ ಮೇಲೆ ಗೀರು ಬಿತ್ತು.

"ಒಂದು ತೊಟ್ಟು ಆಸಿಡ್ ಹಾಕಿ ನೋಡು," ಎಂದರು ಬಿಂದುಮಾಧವ.

ಬ್ಯಾಟರಿಗೆ ಹಾಕುವ ಆಸಿಡ್ ಒಂದು ತೊಟ್ಟು ಬಿಟ್ಟೆ. ಪುಡಿ ಸಣ್ಣಗೆ ನೊರೆ ಎಬ್ಬಿಸಿತು.

"ಕಾರ್ಬೊನೇಟು," ಅವರು ಕನ್ನಡಕ ಸರಿಮಾಡಿಕೊಂಡು ಬಗ್ಗಿದರು. "ಸುಣ್ಣ ಇರಬೇಕು, ಇಲ್ಲ ಬೂದಿ. ಗಾಜು ಗೀರುತ್ತೆ ಅಂದರೆ ಜೊತೆಗೆ ಮರಳಿನ ಅಂಶ ಇದೆ. ಸಗಣಿಯ ಬೂದಿಯಲ್ಲಿ ಅದು ಬೇಕಾದಷ್ಟಿರುತ್ತೆ, ದನ ಹುಲ್ಲು ತಿನ್ನುತ್ತಲ್ಲ."

ಹೇಳಿ ಮುಗಿಸಿ ಅವರು ತಲೆ ಎತ್ತಿದರು. ನನ್ನ ಹಣೆ ನೋಡಿದರು. ಆಮೇಲೆ ಬಾಗಿಲ ಬಳಿ ಬೆಂಚಿನ ಮೇಲೆ ಪೇಪರ್ ಓದುತ್ತಿದ್ದ ನನ್ನ ಮಾವನ ಹಣೆ ನೋಡಿದರು. ಇಬ್ಬರ ಹಣೆಯಲ್ಲೂ ಮೂರು ಮೂರು ಎಳೆ ವಿಭೂತಿ ಇತ್ತು.

ರಸ್ತೆಯಲ್ಲಿ ನೀರಿನ ಟ್ಯಾಂಕರ್ ಒಂದು ಹಿಂದಕ್ಕೆ ಹೋಗುತ್ತ ಬೀಪ್ ಬೀಪ್ ಎನ್ನುತ್ತಿತ್ತು.

"ನಾನು ಆಟೋದಲ್ಲಿ ಹೋಗ್ತೀನಪ್ಪಾ," ಅವರು ಎದ್ದರು. "ಕಾರು ಇರಲಿ, ಅವಸರ ಇಲ್ಲ. ಪ್ರಯೋಗದ ಫಲಿತಾಂಶ ಬರೆಯೋದನ್ನ ನಿಮಗೆಲ್ಲ ಕಲಿಸ್ತಾ ಇದ್ದೆವು. ಯಾರ ಮುಂದೆ ಓದೋದು ಅಂತ ಸಿಲಬಸ್ಸಿನಲ್ಲಿ ಇರಲಿಲ್ಲ, ನೋಡು."

ಮಾವನಿಗೆ ಕೈ ಮುಗಿದು ಹೋದರು. ಮಾವ ಪೇಪರ್ ಇಳಿಸಿ, "ಓಗಿ ಬನ್ನಿ ಸ್ವಾಮಿ, ನಮ್ಮುಡುಗ ಕಂಡಿಡೀತಾನೆ," ಎಂದರು.

ರುದ್ರಸ್ವಾಮಿ ನನ್ನ ತಾಯಿಯ ತಮ್ಮ, ನನ್ನ ಹೆಂಡತಿಯ ತಂದೆ. ಬಿ.ಎಸ್ಸಿ. ಮುಗಿಸಿ ಎಲ್ಲೂ ಕೆಲಸ ಸಿಗದೆ ಮೂರು ವರ್ಷ ಅಲೆದವನನ್ನು ಕರೆತಂದು, ಸ್ಪ್ಯಾನರ್ ಹಿಡಿಯುವುದನ್ನು ಕಲಿಸಿ, ಒಬ್ಬಳೇ ಮಗಳನ್ನು ಕೊಟ್ಟವರು. ಕುಂಬಾರಕೊಪ್ಪಲಿನ ಈ ಗೇರ್‌ಬಾಕ್ಸ್ ವರ್ಕ್ಸಿಗೆ ಅವರ ಹೆಸರು. ಮೇಲಿನ ಮನೆಯೂ ಅವರದೇ, ನಾನು ಮನೆ ಅಳಿಯ. ಮೇಲೆ ಹೋಗುವ ಮೆಟ್ಟಿಲು ವರ್ಕ್‌ಶಾಪಿನ ಒಳಗಿನಿಂದಲೇ ಇದೆ, ಬೇರೆ ದಾರಿಯಿಲ್ಲ. ಮಲಗಿದರೆ ಗೋಡೆಯಾಚೆ ಅವರ ಕೆಮ್ಮು, ಎದ್ದರೆ ಕೆಳಗೆ ಅವರ ಬೆಂಚು. ಹದಿನಾರು ವರ್ಷಗಳಿಂದ ನಾನು ಅವರ ಎದುರಿಗೆ ದನಿ ಎತ್ತಿ ಮಾತಾಡಿಲ್ಲ. ಎತ್ತುವ ಸಂದರ್ಭವೂ ಬಂದಿರಲಿಲ್ಲ.

ಎರಡು ವರ್ಷದಿಂದ ಮಾವನ ಕೈ ನಡುಗುತ್ತದೆ. ಸಂದು ಅಳೆಯುವ ಫೀಲರ್ ಗೇಜಿನ ಎಸಳು ಹಿಡಿದರೆ ಗಾಳಿಗೆ ಸಿಕ್ಕ ಹುಲ್ಲಿನಂತೆ ಅಲ್ಲಾಡುತ್ತದೆ. ಒಂದೊಂದಾಗಿ ಕೆಲಸಗಳು ಅವರ ಕೈಬಿಟ್ಟು ನನ್ನ ಕೈಗೆ ಬಂದವು. ಉಳಿದದ್ದು ಒಂದೇ. ಪೆಟ್ಟಿಗೆ ಕೂಡಿಸಿ, ಗಾಡಿಗೆ ಏರಿಸಿ, ಆಯಿಲ್ ತುಂಬಿದ ಮೇಲೆ ಆ ತೂತಿನ ಪ್ಲಗ್ಗನ್ನು ಮುಚ್ಚುವುದು ಯಾವಾಗಲೂ ಅವರೇ. ವರ್ಕ್‌ಶಾಪ್ ಶುರುವಾದ ದಿನದಿಂದ ನಡೆದುಬಂದ ಪದ್ಧತಿ ಅದು. ಮಿಕ್ಕವರು ಕೈ ತೊಳೆಯಲು ಹಿತ್ತಲಿಗೆ ಹೋಗಬೇಕು. ಎಣ್ಣೆಗೈಯಲ್ಲಿ ಅಲ್ಲಿ ನಿಲ್ಲಬಾರದು. ಅವರು ಶಿವನನ್ನು ನೆನೆದು, ಪೆಟ್ಟಿಗೆಯ ಹೊರಮೈಗೆ ಮೂರು ಬೆರಳಲ್ಲಿ ವಿಭೂತಿ ಎಳೆದು, ಪ್ಲಗ್ ತಿರುಗಿಸುತ್ತಾರೆ. ನಾನು ವಾಪಸ್ ಬರುವಷ್ಟರಲ್ಲಿ ಮುಗಿದಿರುತ್ತದೆ.

ಒಂದು ಪೆಟ್ಟಿಗೆಗೆ ಮೂರೇ ದಾರಿ. ಮೇಲೆ ಆವಿ ಹೋಗುವ ಕಿಂಡಿ, ಅದರಲ್ಲಿ ಸಾಸಿವೆ ಕಾಳೂ ಹೋಗುವುದಿಲ್ಲ. ಕೆಳಗೆ ಆಯಿಲ್ ಇಳಿಸುವ ಪ್ಲಗ್, ಅದನ್ನು ನಾನು ಮುಚ್ಚುತ್ತೇನೆ. ಮೂರನೆಯದು ಆಯಿಲ್ ತುಂಬುವ ಈ ತೂತು.

ಹೊರಗೆ ಬಳಿಯುತ್ತಿದ್ದ ವಿಭೂತಿ ಒಳಗೆ ಹೋಗತೊಡಗಿದ್ದು ಯಾವಾಗಿನಿಂದ? ಅದು ತಿಳಿಯದೆ ಯಾವ ಗಾಡಿಗಳಿಗೆ ಬಿದ್ದಿದೆ ಎಂದು ತಿಳಿಯುವಂತಿರಲಿಲ್ಲ. ಮೆಟ್ಟಿಲು ಹತ್ತಿ ಮೇಲೆ ಹೋದೆ. ಹೆಂಡತಿ ಶಿಲ್ಪಶ್ರೀ ಸೊಪ್ಪು ಸೋಸುತ್ತಿದ್ದಳು.

"ಮಾವನಿಗೆ ವಿಭೂತಿ ಯಾರು ತಂದುಕೊಡೋದು?"

"ನಾನೇ. ಯಾಕ್ರೀ?"

"ಎಷ್ಟು ಬೇಕಾಗುತ್ತೆ?"

"ಮುಂಚೆ ಒಂದು ಗಟ್ಟಿ ತಂದರೆ ಎರಡು ತಿಂಗಳು ಬರ್ತಿತ್ತು. ಶಿವರಾತ್ರಿ ಆದಮೇಲಿಂದ ವಾರಕ್ಕೊಂದು ಸಾಲದು ಅಂತಾರೆ. ತಿಂತೀಯೇನಪ್ಪಾ ಅಂತ ತಮಾಷೆ ಮಾಡಿದೆ. ನಕ್ಕು ಸುಮ್ನಾದ್ರು." ಸೊಪ್ಪಿನ ಕಡ್ಡಿ ಹಿಡಿದ ಅವಳ ಕೈ ನಿಂತಿತು. "ಯಾಕ್ರೀ? ಏನಾಯ್ತು?"

ಹೇಳಿದೆ. ಅವಳು ಸೊಪ್ಪಿನ ಮೊರವನ್ನು ಬದಿಗೆ ಸರಿಸಿದಳು.

"ಅಪ್ಪಂಗೆ ಗೊತ್ತಾದ್ರೆ ಇನ್ನು ಕೆಳಗೆ ಇಳಿಯಲ್ಲ," ಎಂದಳು. "ಆ ಬೆಂಚು, ಆ ಪ್ಲಗ್ಗು, ಇಷ್ಟೇ ಇರೋದು ಅವರಿಗೆ. ಏನ್ ಮಾಡ್ಲಿ ಅಂತ ನನ್ನ ಕೇಳಬೇಡಿ. ನಾನು ಮಗಳು."

ಕೆಳಗೆ ಬಂದು ಪುಸ್ತಕ ತೆಗೆದೆ. ಮಾರ್ಚ್ ಎಂಟು ಶಿವರಾತ್ರಿ. ಅಲ್ಲಿಂದ ಇಲ್ಲಿಗೆ ಹದಿಮೂರು ಗಾಡಿ. ಬೆರಳು ಕೊನೆಯ ಸಾಲಿಗೆ ಬಂದು ನಿಂತಿತು. ಜೂನ್ ಮೂರು, ಮಹದೇವಪ್ರಸಾದ್, ಸುಮೋ, ಗೇರ್‌ಬಾಕ್ಸ್. ಟ್ಯಾಕ್ಸಿ ಓಡಿಸುವ ಪ್ರಸಾದ್ ಹಿಂದಿನ ದಿನ ತಾನೇ ಗಾಳಿ ತುಂಬಿಸಿಕೊಳ್ಳಲು ಬಂದವನು ನಿಂತು ಹೇಳಿ ಹೋಗಿದ್ದ: ನಾಳೆ ಹನ್ನೊಂದಕ್ಕೆ ಯೋಗ ಕಲಿಯುವ ನಾಲ್ವರು ವಿದೇಶದವರನ್ನು ಊಟಿಗೆ ಕರೆದುಕೊಂಡು ಹೋಗುತ್ತೇನೆ, ಅಲ್ಲಿಗೆ ಬೇಕಾದ ಇ-ಪಾಸೂ ಸಿಕ್ಕಿದೆ.

ಗೋಡೆ ಗಡಿಯಾರದಲ್ಲಿ ಹತ್ತು ಗಂಟೆ ಹದಿನಾಲ್ಕು ನಿಮಿಷ.

ಊಟಿಯಿಂದ ಇಳಿಯುವಾಗ ಎರಡನೇ ಗೇರಿನಲ್ಲಿ ಇಳಿಯಬೇಕು. ಗಾಡಿಯ ಭಾರವನ್ನು ಎಂಜಿನ್ ತಡೆದು ಹಿಡಿಯುವುದು ಆ ಗೇರಿನ ಮೂಲಕ. ಸವೆದ ಪೆಟ್ಟಿಗೆಯಲ್ಲಿ ಗೇರು ತಾನಾಗಿ ಬಿಟ್ಟುಕೊಂಡರೆ ಉಳಿಯುವುದು ಬ್ರೇಕ್ ಒಂದೇ. ಇಳಿಜಾರು ಉದ್ದವಾದರೆ ಬ್ರೇಕು ಕಾದು ಹಿಡಿಯುವುದನ್ನೇ ನಿಲ್ಲಿಸುತ್ತದೆ. ಒಂಬತ್ತು ದಿನ ಓಡಿದ ಪೆಟ್ಟಿಗೆ ಹಾಗೆ ಮಾಡಿಯೇ ತೀರುತ್ತದೆ ಎಂದಲ್ಲ. ಮಾಡುವುದಿಲ್ಲ ಎಂದು ನಾನು ಬರೆದುಕೊಡಲಾರೆ, ಅಷ್ಟೇ.

ಅವನನ್ನು ನಿಲ್ಲಿಸಬೇಕಿತ್ತು. ನಿಲ್ಲಿಸಲು ಕಾರಣ ಹೇಳಬೇಕಿತ್ತು. ನಿಜವಾದ ಕಾರಣ ಹೇಳಿದರೆ ಸಂಜೆಯೊಳಗೆ ಟ್ಯಾಕ್ಸಿ ಸ್ಟ್ಯಾಂಡ್ ಪೂರ್ತಿ ಅದೇ ಮಾತು: ರುದ್ರಸ್ವಾಮಿಗೆ ಅರಳು ಮರಳು, ಗೇರ್‌ಬಾಕ್ಸಿಗೆ ಬೂದಿ ಹಾಕುತ್ತಾನೆ. ನಲವತ್ತಮೂರು ವರ್ಷಗಳ ಹೆಸರು ಒಂದು ನಗೆಚಾಟಿಕೆಯಾಗಿಬಿಡುತ್ತದೆ. ಮಾವ ಪುಟ ತಿರುವಿದರು. ನಡುಗುವ ಕೈಗಳಲ್ಲಿ ಪೇಪರು ಸದಾ ಪಟಪಟ ಅನ್ನುತ್ತಿರುತ್ತದೆ, ಆ ಸದ್ದಿಗೆ ನಮಗೆಲ್ಲ ಅಭ್ಯಾಸವಾಗಿದೆ.

ತಪ್ಪು ನನ್ನದು ಎಂದು ಹೇಳಿದರೆ ಗಾಡಿಯೂ ನಿಲ್ಲುತ್ತದೆ, ಮಾವನ ಮಾನವೂ ಉಳಿಯುತ್ತದೆ. ಆದರೆ ಮಿಕ್ಕ ಹನ್ನೊಂದು ಗಾಡಿಗಳಿಗೆ ಇದೇ ಸುಳ್ಳನ್ನು ಹನ್ನೊಂದು ಸಲ ಹೇಳಲಾದೀತೆ? ನಾಳೆ ಮುಚ್ಚುವ ಪ್ಲಗ್ಗಿಗೆ ಏನು ಮಾಡಲಿ? ಒಳಗೆ ಜಾಲರಿ ಕೂರಿಸಲೇ, ಎಲ್ಲಿಗೂ ಹೋಗದ ಒಂದು ಸುಳ್ಳು ತೂತು ಮಾಡಿಕೊಡಲೇ, ಮಗುವಿಗೆ ಆಟದ ಸ್ಟೀರಿಂಗ್ ಕೊಟ್ಟ ಹಾಗೆ? ಆ ಯೋಚನೆ ಬಂದದ್ದಕ್ಕೆ ನನಗೇ ಹೇಸಿಗೆಯಾಯಿತು. ಯೋಚಿಸುತ್ತಲೇ ಹನ್ನೊಂದು ನಿಮಿಷ ಕಳೆದಿದ್ದವು.

ಹಿತ್ತಲಿಗೆ ಹೋಗಿ ಫೋನ್ ಮಾಡಿದೆ.

"ಏನ್ ಗುರೂ, ಟಾಟಾ ಮಾಡೋಕೆ ಫೋನ್ ಮಾಡಿದ್ಯಾ?" ಎಂದ ಪ್ರಸಾದ್. ಹಿಂದೆ ಯಾರೋ ಇಂಗ್ಲಿಷಿನಲ್ಲಿ ಸೂಟ್‌ಕೇಸಿನ ಬಗ್ಗೆ ಹೇಳುತ್ತಿದ್ದರು.

"ಪ್ರಸಾದ್, ಗಾಡಿ ತೆಗೀಬೇಡ. ನಿನ್ನ ಬಾಕ್ಸಲ್ಲಿ ಒಂದು ತಪ್ಪಾಗಿದೆ."

"ತಪ್ಪಾ? ಎಂಥ ತಪ್ಪು?"

"ಎರಡನೇ ಗೇರಿನ ಹಬ್ಬಿಗೆ ಒಂದು ಲಾಕ್ ಬರುತ್ತೆ, ಉಂಗುರದ ಥರ. ಅದನ್ನ ಹಾಕೋದು ಮರೆತೆ. ಇವತ್ತು ಸಾಮಾನು ಜೋಡಿಸ್ತಾ ಸಿಕ್ತು."

ಆ ಕಡೆ ಗಾಡಿಯ ಬಾಗಿಲು ಧಡ್ ಎಂದು ಮುಚ್ಚಿತು.

"ಅಯ್ಯೋ ನಿನ್ನ! ಅದಕ್ಕೇನಾ, ಮೊನ್ನೆ ಬೆಟ್ಟ ಇಳೀತಾ ಸೆಕೆಂಡ್ ಗೇರು ಎರಡು ಸಲ ತಾನೇ ಬುಟ್ಕೊಂಡಿದ್ದು? ನಾನೇ ಸರಿಯಾಗಿ ಹಾಕಿಲ್ಲ ಅನ್ಕೊಂಡೆ ಕಣೋ! ನಾಕು ಜನ ಬಿಳೀರು ಬ್ಯಾಗ್ ತುಂಬ್ತಾವ್ರೆ, ಈಗ ಹೇಳ್ತೀಯಲ್ಲ!"

ಎರಡು ಸಲ ಬಿಟ್ಟುಕೊಂಡಿತ್ತು. ನಾನು ಹಿತ್ತಲ ಗೋಡೆಗೆ ಒರಗಿ ನಿಂತೆ.

"ಈಗಲೇ ಬಾ. ನಿಧಾನಕ್ಕೆ ಓಡಿಸ್ಕೊಂಡು ಬಾ."

"ಬರದೆ ಏನ್ ಮಾಡ್ಲಿ. ಇವರನ್ನ ನಮ್ಮ ಸ್ಟ್ಯಾಂಡಿನ ನಿಶಾಂತನ ಗಾಡೀಗೆ ಹತ್ತಿಸಿ ಬರ್ತೀನಿ. ಅವನಿಗೆ ಲಾಟ್ರಿ, ನನಗೆ ಲಾಕು."

ಹನ್ನೊಂದಕ್ಕೆ ಹತ್ತು ನಿಮಿಷವಿದ್ದಾಗ ಸುಮೋ ಬಂತು. ಪ್ರಸಾದ್ ಇಳಿಯುತ್ತಲೇ ಶುರುಮಾಡಿದ. ಮಾವನಿಗೆ ಕೇಳಿಸದಂತೆ ಅವನನ್ನು ಒಳಗೆ ಕರೆದೊಯ್ಯಬೇಕೆಂದಿದ್ದೆ, ಆಗಲಿಲ್ಲ.

"ನೋಡಿ ಸ್ವಾಮ್ಯೋರೆ, ನಿಮ್ಮ ಬಿ.ಎಸ್ಸಿ. ಅಳಿಯ! ಲಾಕ್ ಹಾಕೋದು ಮರ್ತುಬುಟ್ನಂತೆ. ನಿಮ್ಮ ಕೈಯಲ್ಲಿ ಇಪ್ಪತ್ತು ವರ್ಷ ಮಾಡಿಸಿದ್ದೀನಿ, ಒಂದು ದಿನ ಬಂದು ನಿಂತಿದ್ದೀನಾ?"

ಮಾವ ಪೇಪರ್ ಮಡಿಸಿದರು. "ಯಾರು ಏಳಿದ್ದು?"

"ಅವನೇ ಹೇಳ್ದ. ಬಾಯಾರೆ."

"ನಮ್ಮ ಮೌಳಿ ಲಾಕ್ ಮರೆಯೋನಲ್ಲ," ಎಂದರು ಮಾವ. ಹೊಗಳಿಕೆಯ ದನಿಯಲ್ಲ, ಗಾಡಿಯ ನಂಬರ್ ಹೇಳುವ ದನಿಯಲ್ಲಿ. "ಬಿಚ್ಚು. ನೋಡವ."

ಬಿಚ್ಚದೆ ಬೇರೆ ದಾರಿ ಇರಲಿಲ್ಲ. ಮೊದಲು ಆಯಿಲ್ ಇಳಿಸಿದೆ. ಅದೇ ರಾಗಿ ಗಂಜಿ. ಮಾವನಿಗೆ ಕಾಣದಂತೆ ತಟ್ಟೆಯನ್ನು ಗಾಡಿಯ ಕೆಳಗೇ ಆಚೆಗೆ ತಳ್ಳಿದೆ. ಪ್ರಸಾದ್ ನನ್ನ ಜೊತೆ ಕೆಳಗೆ ಮಲಗಿ ಗೇರ್‌ಬಾಕ್ಸಿಗೆ ಕೈ ಕೊಟ್ಟ. ಬೈಯುವುದನ್ನು ಮಾತ್ರ ನಿಲ್ಲಿಸಲಿಲ್ಲ. ಮುಖದ ಮೇಲೆ ಧೂಳು ಉದುರುತ್ತಿತ್ತು. ಅವನ ಬೈಗುಳ, ಎದೆಯಿಂದ ಒಂದು ಗೇಣು ಮೇಲೆ ಸುಮೋದ ತಳ, ಪಕ್ಕದಲ್ಲಿ ಜಾಕಿನ ಕಾಲು, ಕಾಲಿನ ಕಡೆ ಬೆಳಕಿನಲ್ಲಿ ಬಂದು ನಿಂತ ಮಾವನ ಎರಡು ಪಾದ. ಅವು ಒಂದೂವರೆ ಗಂಟೆ ಅಲ್ಲಿಂದ ಕದಲಲಿಲ್ಲ. ಆ ಹೊತ್ತಿನಲ್ಲಿ ನಾನು ಲೆಕ್ಕಹಾಕಿದ್ದು ಒಂದೇ: ಪೆಟ್ಟಿಗೆ ಬೆಂಚಿಗೆ ಬಂದಾಗ ಮಾವ ಒಂದು ನಿಮಿಷ ಆಚೆ ಹೋದರೆ ಸಾಕು, ಇಕ್ಕಳದಲ್ಲಿ ಆ ಲಾಕನ್ನು ತೆಗೆದು ಜೇಬಿಗೆ ಹಾಕಿಕೊಳ್ಳುತ್ತೇನೆ. ಆಗ ನನ್ನ ಸುಳ್ಳು ನಿಜವಾಗುತ್ತದೆ.

ಮಾವ ಆಚೆ ಹೋಗಲಿಲ್ಲ. ಶಿಲ್ಪ ಊಟಕ್ಕೆ ಕರೆದರೂ, "ಆಮೇಲೆ ಕಣಮ್ಮ," ಎಂದರು.

ಒಂದು ಗಂಟೆ ಇಪ್ಪತ್ತಕ್ಕೆ ಹೊರಕವಚ ಬಿಚ್ಚಿ ಶಾಫ್ಟನ್ನು ಬೆಂಚಿನ ಮೇಲೆ ಮಲಗಿಸಿದೆ. ಮಾವ ಹತ್ತಿರ ಬಂದರು. ನಡುಗುವ ತೋರುಬೆರಳನ್ನು ಎಡಗೈಯಲ್ಲಿ ಹಿಡಿದುಕೊಂಡು, ಎರಡನೇ ಗೇರಿನ ನಡುಗುಂಬವಾದ ಹಬ್ಬಿನ ಅಂಚಿನ ಮೇಲೆ ಇಟ್ಟು, ಒಂದು ಸುತ್ತು ಸವರಿದರು. ಕಣ್ಣಿಗಿಂತ ಮೊದಲು ಬೆರಳಿನಲ್ಲೇ ನೋಡುವುದು ಅವರ ರೀತಿ.

"ಇಲ್ಲೇ ಐತಲ್ಲ ಲಾಕು," ಎಂದರು.

ಪ್ರಸಾದ್ ಬಗ್ಗಿದ. "ಹೌದಲ್ಲ! ಮಗಂದು ಇಲ್ಲೇ ಕೂತಿದೆ! ಹಂಗಾರೆ ಎಂತಕ್ಕೋ ನನ್ನ ಟ್ರಿಪ್ಪು ಹಾಳ್ ಮಾಡ್ದೆ?"

"ಪ್ರಸಾದು," ಮಾವ ಅವನ ಕಡೆ ನೋಡಲಿಲ್ಲ, "ಓಗಿ ಒಂದು ಟೀ ಕುಡ್ಕೊಂಡು ಬಾ. ಅರ್ಧ ಗಂಟೆ ಬುಟ್ಟು ಬಾ."

ಇಪ್ಪತ್ತು ವರ್ಷದ ಗಿರಾಕಿ. ಆ ದನಿಯ ಅರ್ಥ ಅವನಿಗೆ ತಿಳಿದಿತ್ತು. ಗೊಣಗಿಕೊಂಡೇ ಹೋದ.

ಮಾವ ಬೇರಿಂಗಿನ ಗುಳಿಗಳನ್ನು ಸವರಿದರು. ಗೇರು ಸೇರಿಸುವ ಹಿತ್ತಾಳೆಯ ಉಂಗುರದ ಸವೆದ ಗೀರುಗಳನ್ನು ಸವರಿದರು. ಆಮೇಲೆ ಸುಮೋದ ಕಡೆ ತಿರುಗಿ, "ಆ ತಟ್ಟೆ ಈಚೆಗೆ ತಾ," ಎಂದರು.

"ಮಾವ, ಅದು ಬರೀ ಹಳೆ ಆಯಿಲ್."

"ತಾ ಅಂದೆ."

ತಂದಿಟ್ಟೆ. ಅವರು ತಟ್ಟೆಯ ತಳಕ್ಕೆ ಬೆರಳು ಇಳಿಸಿ ಕೆಸರು ತೆಗೆದು, ಹೆಬ್ಬೆರಳಿಗೂ ಮೂರು ಬೆರಳಿಗೂ ನಡುವೆ ಉಜ್ಜಿದರು. ಅರವತ್ತೈದು ವರ್ಷಗಳಿಂದ ದಿನಕ್ಕೆ ಎರಡು ಹೊತ್ತು ಅದೇ ಮೂರು ಬೆರಳುಗಳಲ್ಲಿ ವಿಭೂತಿ ತಿಕ್ಕಿದವರು. ಆಸಿಡ್ಡೂ ಬೇಕಿರಲಿಲ್ಲ, ಗಾಜೂ ಬೇಕಿರಲಿಲ್ಲ. ಉಜ್ಜುತ್ತಿದ್ದ ಬೆರಳುಗಳು ನಿಂತವು. ಕೈ ಮಾತ್ರ ತನ್ನ ಪಾಡಿಗೆ ನಡುಗುತ್ತಲೇ ಇತ್ತು.

"ಯಾವಾಗ ಗೊತ್ತಾಯ್ತು ನಿಂಗೆ?"

"ಬೆಳಿಗ್ಗೆ. ಮೇಷ್ಟ್ರ ಕಾರಿನಲ್ಲಿ."

"ಅದಕ್ಕೇ ಆ ಯಪ್ಪ ಅಂಗೆ ನೋಡಿದ್ದು." ಅವರು ಬೆಂಚಿನ ಅಂಚಿನ ಮೇಲೆ ಕೂತರು. "ಲಾಕ್ ಮರ್ತೆ ಅಂತ ಯಾಕಪ್ಪಾ ಸುಳ್ಳು ಏಳ್ದೆ? ನನ್ನ ಮುಂದೆ ಬಂದು ಬೋಳಿಮಗನೇ ಅಂದಿದ್ರೂ ಆಗ್ತಿತ್ತು."

ನಾನು ತಟ್ಟೆಯನ್ನು ಬದಿಗೆ ಸರಿಸಿದೆ.

"ನನ್ನ ಕೈ ಪೆಟ್ಟಿಗೆ ಒಳಕ್ಕೋಗಿ ಎರಡು ವರ್ಸ ಆಯ್ತು ಕಣೋ. ಎಲ್ಲಾ ನೀನೇ ಮಾಡ್ತೀಯ, ಚೆನ್ನಾಗೇ ಮಾಡ್ತೀಯ. ನಾನು ಒರಗೆ ಬಳೀತೀನಿ, ಗಾಡಿ ತೊಳ್ದಾಗ ಓಗ್ಬುಡ್ತದೆ. ಒಳಗೆ ಇದ್ರೆ ಇರ್ತದಲ್ಲ, ನಿನ್ನ ಕೆಲ್ಸಾನ ಕಾಯ್ತದಲ್ಲ ಅಂತ, ಶಿವರಾತ್ರಿ ದಿನ ಅನ್ನಿಸ್ತು. ಅರ್ಧ ಗಟ್ಟಿ ಮುರಿದು ಬುಟ್ಟೆ. ಓಮ್ನಿ ವಾಪಸ್ ಬಂತಲ್ಲ, ಆವತ್ತಿಂದ ಇನ್ನಷ್ಟು ಜಾಸ್ತಿ ಬುಟ್ಟೆ." ನಗಲು ಹೋದರು, ಆಗಲಿಲ್ಲ. "ನಲವತ್ಮೂರು ವರ್ಸ. ಆಯಿಲ್ಗೆ ಧೂಳು ಬೀಳ್ದಂಗೆ ನೋಡ್ಕೊಳ್ರೋ ಅಂತ ನಾನೇ ಕಂಡೋರಿಗೆಲ್ಲ ಬೈದವನು. ಇದು ಧೂಳು ಅಂತ ಒಂದಿನವೂ ಒಳೀಲಿಲ್ಲ."

ಹೊಳೆಯುವುದು ಹೇಗೆ? ನನಗೂ ಹೊಳೆದದ್ದು ಆಸಿಡ್ ತೊಟ್ಟಿಗೆ ನೊರೆ ಎದ್ದ ಮೇಲೆ. ಎರಡು ವಾರ ಮೈಕ್ರೋಮೀಟರನ್ನು ಅನುಮಾನಿಸಿದೆ, ಅಂಗಡಿಯವನನ್ನು ಅನುಮಾನಿಸಿದೆ, ನನ್ನನ್ನು ಅನುಮಾನಿಸಿದೆ. ದಿನಾ ಬೆಳಿಗ್ಗೆ ಅದೇ ಬೂದಿಯನ್ನು ಹಣೆಗೆ ಇಟ್ಟುಕೊಂಡು ಕೆಳಗೆ ಇಳಿದೆ.

"ಎಷ್ಟು ಗಾಡಿ ಆಚೆ ಅವೆ?" ಕೇಳಿದರು.

"ಹನ್ನೊಂದು."

"ಈ ಪೆಟ್ಟಿಗೇಲಿ ಎಷ್ಟೈತೆ, ತೂಕ ಆಕು."

"ಬೇಡಿ ಮಾವ. ಆಮೇಲೆ ನೋಡೋಣ. ಊಟ ಮಾಡಿ ಬನ್ನಿ."

"ಆಕು ಮೌಳಿ. ಕಮ್ಮಿ ಇದ್ರೆ ಸರಿ, ಎಲ್ಲಾರ್ಗೂ ಆಯಿಲ್ ಬದಲಾಯ್ಸಕೆ ಬನ್ನಿ ಅನ್ನವ, ಕಾರಣ ಏಳೋದು ಬ್ಯಾಡ. ಐದು ಗ್ರಾಮಿನ ಮ್ಯಾಲಿದ್ರೆ ಅಷ್ಟು ಸಾಲದು, ಬೇರಿಂಗ್ ಉಳಿದಿರಲ್ಲ. ಹನ್ನೊಂದು ಜನಕ್ಕೂ ನಾನೇ ಫೋನ್ ಮಾಡಿ, ಇಂಗಿಂಗೆ ಮಾಡ್ದೆ ಅಂತ ಏಳ್ತೀನಿ."

ತಟ್ಟೆಯ ಆಯಿಲನ್ನು ಬಟ್ಟೆಯಲ್ಲಿ ಸೋಸಿದೆ. ಉಳಿದದ್ದನ್ನು ಮೂರು ಸಲ ಪೆಟ್ರೋಲಿನಲ್ಲಿ ತೊಳೆದೆ. ತಗಡಿನ ಮೇಲೆ ಹರಡಿ ಅಂಗಳದ ಬಿಸಿಲಿನಲ್ಲಿಟ್ಟೆ. ಒಣಗಿದ ಮೇಲೆ ಆಯಸ್ಕಾಂತ ಆಡಿಸಿ ಕಬ್ಬಿಣದ ಪುಡಿ ತೆಗೆದೆ, ಹಿತ್ತಾಳೆಯ ಚುಕ್ಕೆಗಳನ್ನು ಸೂಜಿಯಿಂದ ಬದಿಗೆ ಸರಿಸಿದೆ. ಎರಡು ಭಾಗದ ಅಂಟು ಬೆರೆಸಲು ಇಟ್ಟುಕೊಂಡ ಅಂಗೈಯಗಲದ ಎಲೆಕ್ಟ್ರಾನಿಕ್ ತಕ್ಕಡಿಯನ್ನು ಬೆಂಚಿನ ಮೇಲಿಟ್ಟು, ಖಾಲಿ ಕಾಗದ ಇಟ್ಟು ಸೊನ್ನೆ ಮಾಡಿದೆ. ಇಷ್ಟಕ್ಕೆ ಇಪ್ಪತ್ತೆಂಟು ನಿಮಿಷ ಹಿಡಿಯಿತು. ಮಾವ ತೊಡೆಯ ಮೇಲೆ ಒಂದು ಕೈಯಿಂದ ಇನ್ನೊಂದು ಕೈಯನ್ನು ಅದುಮಿಟ್ಟುಕೊಂಡು ಕೂತಿದ್ದರು. ಮೆಟ್ಟಿಲಿನ ಅರ್ಧದಲ್ಲಿ ಶಿಲ್ಪ ನಿಂತಿದ್ದಳು, ಕೆಳಗೂ ಇಳಿಯದೆ, ಮೇಲೂ ಹೋಗದೆ.

ಪುಡಿಯನ್ನು ಕಾಗದಕ್ಕೆ ಸುರಿದೆ. ಅಂಕಿ ಓಡಿ ಓಡಿ ನಿಂತಿತು.

ಮಾವನ ಕನ್ನಡಕ ಬಾಗಿಲ ಬಳಿಯ ಬೆಂಚಿನ ಮೇಲೆ, ಪೇಪರಿನ ಒಳಗೆ ಇತ್ತು. ಅದಿಲ್ಲದೆ ಅಷ್ಟು ಸಣ್ಣ ಅಂಕಿ ಅವರಿಗೆ ಕಾಣುವುದಿಲ್ಲ. ಎರಡು ಗ್ರಾಂ ಎಂದುಬಿಟ್ಟರೆ ಅವರು ನಂಬುತ್ತಾರೆ. ಆಯಿಲ್ ಬದಲಾಯಿಸಲು ಎಲ್ಲರನ್ನೂ ಕರೆಯುತ್ತೇವೆ. ಬೆಂಚು, ಪೇಪರು, ಪ್ಲಗ್ಗು ಎಲ್ಲ ಇದ್ದ ಹಾಗೇ ಇರುತ್ತವೆ. ಹನ್ನೊಂದು ಗಾಡಿಗಳು ಗುಳಿಬಿದ್ದ ಬೇರಿಂಗಿನಲ್ಲಿ ಬೆಟ್ಟ ಹತ್ತಿ ಇಳಿಯುತ್ತಿರುತ್ತವೆ. ಶಿಲ್ಪ ನನ್ನ ಮುಖವನ್ನೇ ನೋಡುತ್ತಿದ್ದಳು.

"ಎಷ್ಟಪ್ಪಾ?" ಎಂದರು ಮಾವ.

"೯.೨ ಗ್ರಾಂ, ಮಾವ."